ಮೊದಲ ಲೀಗ್ ಗೆದ್ದ ಜೆಸಿಟಿ ಮುಚ್ಚಿದ್ದು ಯಾಕೆ?

2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಡೆಯುತ್ತೋ ಇಲ್ಲವೋ ಎಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ. ಮ್ಯಾಚ್ ಇದ್ದ ದಿನ ಮೈಸೂರಿನಿಂದ ರೈಲು ಹತ್ತಿ ಕಂಠೀರವಕ್ಕೆ ಹೋಗುವ ಹುಡುಗರಿಗೆ ದಿಗಿಲಾಯಿತು. ಇಷ್ಟು ದೊಡ್ಡ ಕ್ಲಬ್ ಸುಮ್ನೆ ಮುಚ್ಚಿಹೋಗುತ್ತಾ? ಹೋಗಬಹುದು. ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಕ್ಲಬ್ಬೇ ಇವತ್ತು ಇಲ್ಲ.

ಅದರ ಹೆಸರು ಜೆಸಿಟಿ. ಪಂಜಾಬಿನ ಫಗ್ವಾಡದ ಬಟ್ಟೆ ಗಿರಣಿ 1971ರಲ್ಲಿ ಕಟ್ಟಿದ ತಂಡ. ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳನ್ನು ಬಲ್ಲವರಿಗೆ ಕಂಪನಿ ತಂಡ ಅಂದರೇನು ಅಂತ ಹೇಳಬೇಕಿಲ್ಲ. ಆಟಗಾರನಿಗೆ ಕೆಲಸ, ತಿಂಗಳ ಸಂಬಳ. ಹಾಜರಿ ಹಾಕಿ ಮೈದಾನಕ್ಕೆ ಹೋಗುವುದು. ಬಡವರ ಮನೆ ಹುಡುಗ ಫುಟ್‌ಬಾಲ್ ನಂಬಿ ಬದುಕಬಹುದು ಅನ್ನುವ ಧೈರ್ಯ ಕೊಟ್ಟಿದ್ದೇ ಇಂಥ ತಂಡಗಳು.

1996ರಲ್ಲಿ ನಮ್ಮ ಮೈಸೂರಿನ ಯಾದವಗಿರಿಯ ಬೈಕ್ ಕಾರ್ಖಾನೆ ಐಡಿಯಲ್ ಜಾವಾ ಬಾಗಿಲು ಹಾಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾಯಿತು. 12 ತಂಡ, ಎರಡು ಗುಂಪು. ಗುಂಪಿಗೆ ನಾಲ್ಕರಂತೆ ಎಂಟು ತಂಡಗಳು ಕೊನೆಯ ಸುತ್ತಿಗೆ. ಸುಖ್ವಿಂದರ್ ಸಿಂಗ್ ಕೋಚ್ ಆಗಿದ್ದ ಜೆಸಿಟಿ, ಗೋವಾದ ಚರ್ಚಿಲ್ ಬ್ರದರ್ಸ್ ಮತ್ತು ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಗಳನ್ನು ಹಿಂದೆ ಹಾಕಿ ಚಾಂಪಿಯನ್ ಆಯಿತು. ಬೈಚುಂಗ್ ಭುಟಿಯಾ ಒಬ್ಬರೇ 14 ಗೋಲು ಹೊಡೆದರು. ಮಿಡ್‌ಫೀಲ್ಡ್‌ನಲ್ಲಿ ಇದ್ದವರು ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್. ಎಂಥ ಆಟಗಾರ ಅವರು! ಮುಂದೆ ಈಸ್ಟ್ ಬೆಂಗಾಲ್ ನಾಯಕನಾಗಿ 2000–01ರ ಲೀಗನ್ನೂ ಗೆದ್ದರು. 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ನಮ್ಮ ಕಡೆ ಅವರ ಹೆಸರು ಹೇಳುವವರು ತೀರಾ ಕಡಿಮೆ ಅನ್ನುವುದು ನನಗೆ ಇವತ್ತಿಗೂ ಬೇಜಾರು.

ಸುನಿಲ್ ಚೆಟ್ರಿ ಕೂಡ ಬೆಂಗಳೂರು ಎಫ್‌ಸಿಗೆ ಬರುವ ಎಷ್ಟೋ ವರ್ಷ ಮೊದಲೇ ಜೆಸಿಟಿ ಅಂಗಿ ತೊಟ್ಟಿದ್ದರು. ಅವರಿದ್ದಾಗ, 2006–07ರಲ್ಲಿ, ತಂಡ ಎರಡನೇ ಸ್ಥಾನಕ್ಕೆ ಬಂತು. ಆಮೇಲೆ ಇಳಿಜಾರು. 2010–11ರಲ್ಲಿ ಐ-ಲೀಗ್‌ನಿಂದ (ನ್ಯಾಷನಲ್ ಲೀಗ್ ಜಾಗಕ್ಕೆ ಬಂದ ಲೀಗ್) ಕೆಳಗಿನ ದರ್ಜೆಗೆ ಬಿತ್ತು. 2011ರ ಜೂನ್‌ನಲ್ಲಿ ಕಂಪನಿ ತಂಡವನ್ನೇ ಮುಚ್ಚಿತು. ಟಿವಿಯಲ್ಲಿ ಆಟ ಕಾಣುವುದಿಲ್ಲ, ಹಾಕಿದ ದುಡ್ಡಿಗೆ ಬೆಲೆ ಸಿಗುವುದಿಲ್ಲ ಎಂಬುದು ಆಡಳಿತದವರ ಮಾತಾಗಿತ್ತು. 2005–06ರ ಚಾಂಪಿಯನ್ ಮಹೀಂದ್ರಾ ಯುನೈಟೆಡ್ ಅದರ ಹಿಂದಿನ ವರ್ಷವೇ ಹೋಗಿತ್ತು.

ಜೆಸಿಟಿ ಮುಚ್ಚುವ ಆರು ತಿಂಗಳ ಮೊದಲು, 2010ರ ಡಿಸೆಂಬರ್‌ನಲ್ಲಿ, ಫುಟ್‌ಬಾಲ್ ಫೆಡರೇಷನ್ ಕ್ರೀಡಾ ಮಾರ್ಕೆಟಿಂಗ್ ಕಂಪನಿ ಐಎಂಜಿ-ರಿಲಯನ್ಸ್ ಜತೆ 15 ವರ್ಷಕ್ಕೆ 700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತ್ತು. ಟಿವಿ, ಪ್ರಾಯೋಜಕರು ಎಲ್ಲ ಅದರೊಳಗೇ. 2014ರಲ್ಲಿ ಐಎಸ್‌ಎಲ್ ಬಂದದ್ದೂ ಅದರಿಂದಲೇ. ಆಟ ಟಿವಿಯಲ್ಲಿ ಕಂಡಿತು. ಆದರೆ ಅಷ್ಟರಲ್ಲಿ ಜೆಸಿಟಿ ಇರಲಿಲ್ಲ. ಆ 15 ವರ್ಷ ಮುಗಿಯುತ್ತಾ ಬಂದು, ಮುಂದೇನು ಅಂತ ತೀರ್ಮಾನ ಆಗದೇ ಹೋದದ್ದರಿಂದಲೇ 2025ರಲ್ಲಿ ಬೆಂಗಳೂರಿನವರ ಸಂಬಳ ನಿಂತಿದ್ದು.

ಟಿವಿ ಇಲ್ಲದ್ದು ನಿಜವಾದ ಕಾರಣವೇ. ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡದು ಒಡೆತನ. ಕಾರ್ಖಾನೆ ಮುಚ್ಚಿದರೆ ಕೇಳಲು ಯೂನಿಯನ್ ಇರುತ್ತೆ. ಗಿರಣಿಯ ತಂಡ ಮುಚ್ಚಿದರೆ ಗ್ಯಾಲರಿಯಲ್ಲಿ ಕೂತು ಕೂಗಿದವರು ಯಾರನ್ನು ಕೇಳಬೇಕು? ಬಜೆಟ್‌ನ ಒಂದು ಸಾಲು ಹೊಡೆದರೆ ಮುಗಿಯಿತು.

ಕೋಲ್ಕತ್ತದಲ್ಲಿ ಹಾಗಾಗಲಿಲ್ಲ. 1889ರ ಮೋಹನ್ ಬಗಾನ್, 1920ರ ಈಸ್ಟ್ ಬೆಂಗಾಲ್, ಎರಡೂ ಕಂಪನಿ ಕಟ್ಟಿದ ತಂಡಗಳಲ್ಲ, ಸದಸ್ಯರಿರುವ ಕ್ಲಬ್‌ಗಳು. 1998ರಲ್ಲಿ ಬೆಂಗಳೂರಿನ ಯುಬಿ ಗ್ರೂಪ್ ಎರಡಕ್ಕೂ ದುಡ್ಡು ಹಾಕಿತು. ಒಂದರ ಹೆಸರಿನ ಮುಂದೆ ಮೆಕ್‌ಡೊವೆಲ್, ಇನ್ನೊಂದರ ಮುಂದೆ ಕಿಂಗ್‌ಫಿಷರ್ ಸೇರಿತು. ಮುಂದೆ ಯುಬಿ ಹೋಯಿತು, ಬೇರೆಯವರು ಬಂದರು, ಜಗಳಗಳೂ ಆದವು. ಕ್ಲಬ್‌ಗಳು ಮಾತ್ರ ಈಗಲೂ ಆಡುತ್ತಿವೆ.