ಮುದ್ದೆ ಅಗಿಯುವುದನ್ನು ಆಪರೇಷನ್‌ಗೆ ಮೊದಲೇ ಕಲಿಯಿರಿ

ಮಂಡ್ಯ, ಮೈಸೂರು, ಹಾಸನದ ಕಡೆ ಮುದ್ದೆಯನ್ನು ಅಗಿದು ತಿಂದರೆ ಜನ ನಗುತ್ತಾರೆ. ಸಾರಿನಲ್ಲಿ ಅದ್ದಿ ನುಂಗಬೇಕು, ಹಲ್ಲಿಗೆ ತಾಗಬಾರದು. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳುವವರು ಮೊದಲು ಮರೆಯಬೇಕಾದ ಪಾಠ ಇದೇ. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅದನ್ನು ಪಿನ್ ಹೊಡೆದು ಮುಚ್ಚುವಾಗ ಅಳತೆಗೆಂದು ಒಳಗಿಡುವ ನಳಿಕೆಯ ದಪ್ಪ ಸಾಮಾನ್ಯವಾಗಿ 12–13 ಮಿಲಿಮೀಟರ್, ಹೆಚ್ಚುಕಡಿಮೆ ಕಿರುಬೆರಳಿನಷ್ಟು. ನೆಲ್ಲಿಕಾಯಿ ಗಾತ್ರದ ತುತ್ತು ಇಡಿಯಾಗಿ ಅಲ್ಲಿಗೆ ಇಳಿದರೆ ಎದೆಯ ನಡುವೆ ಕಲ್ಲು ಕೂತಂತಾಗುತ್ತದೆ. ಬಾಯಿ ತುಂಬ ಲೋಳೆಯಂಥ ಜೊಲ್ಲು ಬರುತ್ತದೆ, ಆಮೇಲೆ ವಾಂತಿ. ಇದು ಆಪರೇಷನ್ ಕೆಟ್ಟಿದ್ದಲ್ಲ, ಹಳೆಯ ನುಂಗುವ ರೂಢಿ ಬಿಡದಿದ್ದರ ಫಲ.

ಡಿಸ್ಚಾರ್ಜ್ ಚೀಟಿಯಲ್ಲಿ 'ಚೆನ್ನಾಗಿ ಅಗಿದು ತಿನ್ನಿ' ಎಂದಷ್ಟೇ ಇರುತ್ತದೆ. ಮುದ್ದೆಯ ಸಂಗತಿಯನ್ನು ಬಿಡಿಸಿ ಹೇಳುವವರು ವರ್ಷದ ಹಿಂದೆ ಅದೇ ಆಪರೇಷನ್ ಮಾಡಿಸಿಕೊಂಡವರು. ಅವರನ್ನು ಆಪರೇಷನ್ ಆದಮೇಲೆ ಹುಡುಕುವ ಬದಲು ತಿಂಗಳು ಮೊದಲೇ ಹುಡುಕಿಕೊಳ್ಳಿ. ಆ ತಿಂಗಳು ಅಭ್ಯಾಸಕ್ಕೆ: ಊಟದ ತಟ್ಟೆಯ ಜಾಗಕ್ಕೆ ತಿಂಡಿ ತಟ್ಟೆ, ದೊಡ್ಡ ಚಮಚದ ಜಾಗಕ್ಕೆ ಮಗುವಿಗೆ ತಿನ್ನಿಸುವ ಚಮಚ, ಒಂದೊಂದು ತುತ್ತಿಗೂ ಇಪ್ಪತ್ತು ಇಪ್ಪತ್ತೈದು ಸಲ ಅಗಿತ, ಒಂದು ಊಟಕ್ಕೆ ಇಪ್ಪತ್ತು ನಿಮಿಷ. ಎಲ್ಲಕ್ಕಿಂತ ಕಷ್ಟದ್ದು ನೀರು. ನಮ್ಮಲ್ಲಿ ಎಲೆಯ ಮುಂದೆ ಮೊದಲು ಬಂದು ಕೂರುವುದೇ ನೀರಿನ ಲೋಟ. ಸಾರನ್ನ, ಕೊನೆಗೆ ಮಜ್ಜಿಗೆ ಅನ್ನ ಎಂದು ಊಟದ ಕ್ರಮವೇ ತೆಳ್ಳಗಿನದ್ದರ ಮೇಲೆ ನಿಂತಿದೆ. ಆಪರೇಷನ್ ನಂತರ ಗಟ್ಟಿ ಊಟ ಶುರುವಾದ ಮೇಲೆ ಊಟದ ಜೊತೆ ನೀರಿಲ್ಲ; ಮುಗಿದು ಅರ್ಧ ಗಂಟೆ ಕಳೆದ ಮೇಲೆ ನೀರು, ಮಜ್ಜಿಗೆ ಏನಾದರೂ. ಜೊತೆಗೇ ಕುಡಿದರೆ ಪುಟ್ಟ ಜಠರದಲ್ಲಿ ಎರಡಕ್ಕೂ ಜಾಗ ಸಾಲದೆ ಉಕ್ಕಿ ಬರುತ್ತದೆ, ಇಲ್ಲವೇ ಊಟ ಬೇಗ ಕೆಳಗಿಳಿದು ಮತ್ತೆ ಹಸಿವಾಗುತ್ತದೆ.

ಯಾರಿಗೆ ಈ ಆಪರೇಷನ್ ಎಂಬುದರ ಲೆಕ್ಕ ಕಿಲೋದಲ್ಲಿಲ್ಲ, ಬಿಎಂಐನಲ್ಲಿದೆ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. ಭಾರತದಲ್ಲಿ ವೈದ್ಯರು ಬಹುಕಾಲದಿಂದ ಬಳಸುತ್ತಿರುವ ಗಡಿ 37.5, ಸಕ್ಕರೆ ಕಾಯಿಲೆ, ಬಿಪಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ 32.5. ಅಂತರರಾಷ್ಟ್ರೀಯ ಸಂಘಗಳು 2022ರಲ್ಲಿ ಏಷ್ಯಾದವರ ಗಡಿಯನ್ನು 27.5ಕ್ಕೇ ಇಳಿಸಿವೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಮಾದರಿ ಷರತ್ತಿನಲ್ಲಿ ಇರುವುದು 40, ಇಲ್ಲವೇ ಗುರುತಿಸಿದ ಕೆಲವು ಕಾಯಿಲೆಗಳ ಜೊತೆ 35. ಅಂದರೆ 160 ಸೆಂಟಿಮೀಟರ್ ಎತ್ತರದ, ಬೇರೆ ಕಾಯಿಲೆ ಇಲ್ಲದ ಒಬ್ಬರು 96 ಕಿಲೋ ಆದಾಗಲೇ ಆಪರೇಷನ್ ಆಗಬಹುದು ಎಂದು ಡಾಕ್ಟರು ಹೇಳುತ್ತಾರೆ. ವಿಮೆಯವರು 102 ಕಿಲೋ ದಾಟಲಿ ಎನ್ನುತ್ತಾರೆ. ಈ ಆರು ಕಿಲೋ ಅಂತರದಲ್ಲಿ ಸಿಕ್ಕಿಕೊಂಡವರು ಬಹಳ. ಅಡ್ಮಿಟ್ ಆಗುವ ಮೊದಲೇ ಪಾಲಿಸಿಯ ಕಾಯುವ ಅವಧಿಯನ್ನೂ ಸೇರಿಸಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ಆಪರೇಷನ್‌ಗೆ ಮುಂಚಿನ ಎರಡು ವಾರದ ಪಥ್ಯವನ್ನು ಸುಮಾರು ಜನ 'ತೂಕ ಇಳಿಸೋಕೆ' ಅಂದುಕೊಂಡಿದ್ದಾರೆ. ಅದು ಇರುವುದು ಯಕೃತ್ತಿಗಾಗಿ. ದಪ್ಪಗಿರುವವರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದರ ಎಡಭಾಗ ಜಠರದ ಮೇಲೆ ಚಪ್ಪಡಿಯಂತೆ ಮಲಗಿರುತ್ತದೆ. ಸರ್ಜನ್ ಅದನ್ನು ಎತ್ತಿ ಹಿಡಿದೇ ಕೆಳಗೆ ಕೆಲಸ ಮಾಡಬೇಕು. ದಿನಕ್ಕೆ 800ರಿಂದ 1000 ಕ್ಯಾಲೊರಿ, ಅನ್ನ–ಚಪಾತಿ–ಸಕ್ಕರೆ ತೀರ ಕಡಿಮೆ, ಪ್ರೋಟೀನ್ ಹೆಚ್ಚು ಎಂಬ ಊಟ ಎರಡು ವಾರ ನಡೆದರೆ ಯಕೃತ್ತು ಕುಗ್ಗಿ ಮೆತ್ತಗಾಗುತ್ತದೆ. ನಡೆಯದಿದ್ದರೆ ಅದು ಹರಿದು ರಕ್ತ ಬರಬಹುದು, ಆಪರೇಷನ್ ಅರ್ಧಕ್ಕೇ ನಿಲ್ಲಲೂಬಹುದು. ಇಲ್ಲೇ ಒಂದು ಕೆಟ್ಟ ರೂಢಿಯೂ ಬಂದಿದೆ. 'ಇನ್ನು ಮೇಲೆ ತಿನ್ನೋಕಾಗಲ್ವಲ್ಲ' ಎಂದು ಕೊನೆಯ ವಾರ ದಿನಕ್ಕೊಂದು ಹೋಟೆಲು, ನೆಂಟರ ಮನೆಯಲ್ಲಿ ಬೀಳ್ಕೊಡುಗೆ ಬಿರಿಯಾನಿ. ಹತ್ತು ದಿನದ ಪಥ್ಯವನ್ನು ಎರಡು ದಿನದ ಬಾಡೂಟ ತೊಳೆದುಹಾಕುತ್ತದೆ. ರಾತ್ರಿ ಎಂಟಕ್ಕೆ ಕೈ ನಡುಗುವಷ್ಟು ಆಸೆಯಾದಾಗ ಫೋನ್ ಮಾಡಲು ಒಬ್ಬರು ಬೇಕು, ಅದೇ ಎರಡು ವಾರ ದಾಟಿ ಬಂದವರು.

ಆ ಕೈ ನಡುಕ ಆಸೆಯದೇ ಆಗಿರಬೇಕೆಂದೂ ಇಲ್ಲ. ಸಕ್ಕರೆ ಕಾಯಿಲೆಯವರು ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತ ಊಟವನ್ನಷ್ಟೇ ಇಳಿಸಿದರೆ ಶುಗರ್ ಕುಸಿಯುತ್ತದೆ. ಪಥ್ಯ ಶುರುವಾಗುವ ದಿನವೇ ಮಾತ್ರೆಯ ಪ್ರಮಾಣ ಬದಲಾಗಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳದ್ದು ಇನ್ನೊಂದು ತೊಡಕು. ಊಟ ಕಡಿಮೆಯಾದಾಗ ಇವು ಶುಗರ್ ಹೆಚ್ಚಿಸದೆಯೇ ರಕ್ತವನ್ನು ಆಮ್ಲವಾಗಿಸಬಲ್ಲವು. ಗ್ಲುಕೋಮೀಟರ್ ನೋಡಿದರೆ ಎಲ್ಲ ಸರಿ ಎನ್ನುತ್ತದೆ, ರೋಗಿ ಮಾತ್ರ ವಾಂತಿ ಮಾಡಿಕೊಂಡು ಏದುಸಿರು ಬಿಡುತ್ತಿರುತ್ತಾರೆ. ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲು ಇವನ್ನು ನಿಲ್ಲಿಸಬೇಕು. ಪಥ್ಯ ಹಿಡಿಯುವ ಮೊದಲೇ ಡಾಕ್ಟರನ್ನು ಕೇಳಬೇಕು. ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ಮುಚ್ಚಿಡಬೇಡಿ. ಅವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಬೀಡಿ ಸಿಗರೇಟು ಕಡಿಮೆಯೆಂದರೂ ಆರು ವಾರ ಮೊದಲೇ ಬಿಟ್ಟಿರಬೇಕು.

ಜೊತೆಗಾರರನ್ನು ಆರಿಸುವುದರಲ್ಲೂ ಜಾಣತನ ಬೇಕು. ನಿಮ್ಮದೇ ಆಪರೇಷನ್ ಆದವರು, ಕನಿಷ್ಠ ಒಂದು ವರ್ಷ ಕಳೆದವರು, ಸಾಧ್ಯವಾದರೆ ನಿಮ್ಮಂತೆಯೇ ಸಸ್ಯಾಹಾರಿ ಅಥವಾ ಮಾಂಸಾಹಾರಿ ಮನೆಯವರು. ಸ್ಲೀವ್ ಆದವರು ಬೈಪಾಸ್ ಆದವರ ತೂಕಕ್ಕೆ ತಮ್ಮದನ್ನು ಹೋಲಿಸಿಕೊಂಡು ಕೊರಗುವುದು ಅನ್ಯಾಯ. (ಬೈಪಾಸ್ ಎಂದೊಡನೆ ಹೃದಯಕ್ಕೇನಾಯ್ತು ಎಂದು ಊರಿಂದ ನೆಂಟರು ಬಸ್ಸು ಹತ್ತಿ ಬರುತ್ತಾರೆ. ಇದು ಜಠರದ ಬೈಪಾಸ್, ಜಠರವನ್ನು ಪುಟ್ಟ ಚೀಲ ಮಾಡಿ ನೇರ ಕರುಳಿಗೆ ಜೋಡಿಸುವ ಆಪರೇಷನ್ ಎಂದು ಮೊದಲೇ ಹೇಳಿಬಿಡಿ.) ಕೇಳಬೇಕಾದ ಪ್ರಶ್ನೆ 'ಎಷ್ಟು ಕಿಲೋ ಇಳಿದ್ರಿ' ಅಲ್ಲ. ಮೊದಲ ಹದಿನೈದು ದಿನ ಅಡುಗೆ ಯಾರು ಮಾಡಿದರು, ಕೆಲಸಕ್ಕೆ ಯಾವಾಗ ಹೋದಿರಿ, ಯಾವುದು ಹೊಟ್ಟೆಗೆ ಹಿಡಿಸಲಿಲ್ಲ, ತಿಂಗಳಿಗೆ ಮಾತ್ರೆಗೆ ಎಷ್ಟು ಖರ್ಚು, ಸ್ಲೀವ್ ಆಗಿದ್ದರೆ ಹುಳಿತೇಗು ಎದೆಯುರಿ ಇದೆಯೇ ಎಂದು ಕೇಳಿ. ಎಲ್ಲಕ್ಕೂ ಒಂದೇ ಆಸ್ಪತ್ರೆಯ ಹೆಸರು ಹೇಳುವ ಜೊತೆಗಾರರ ಬಗ್ಗೆ ಸ್ವಲ್ಪ ಎಚ್ಚರವಿರಲಿ. ಕಮಿಷನ್ ಎಂಬುದು ಈ ಕ್ಷೇತ್ರದಲ್ಲೂ ಇದೆ.

ಆಪರೇಷನ್ ಆದ ಸಂಜೆಯೇ ಎಬ್ಬಿಸಿ ನಡೆಸುತ್ತಾರೆ. ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಾರದು ಎಂಬುದೇ ಕಾರಣ, ಶಿಕ್ಷೆಯಲ್ಲ. ಮನೆಗೆ ಬಂದಮೇಲೆ ದೊಡ್ಡ ಕೆಲಸ ಕುಡಿಯುವುದು. ಕೆಮ್ಮಿನ ಸಿರಪ್ಪಿನ ಜೊತೆ ಬರುವ ಅಳತೆ ಮುಚ್ಚಳ ತೊಳೆದಿಟ್ಟುಕೊಳ್ಳಿ. 30 ಮಿಲಿಲೀಟರ್ ಅಳೆದು, ಕಾಲು ಗಂಟೆಗೊಮ್ಮೆ, ಗುಟುಕು ಗುಟುಕಾಗಿ. ಗಂಟೆಗೆ 120 ಆಯಿತು. ಹದಿಮೂರು ಗಂಟೆ ಎಚ್ಚರವಿದ್ದರೆ ಒಂದೂವರೆ ಲೀಟರ್ ದಾಟುತ್ತದೆ. ಮೊದಲೆರಡು ದಿನ ನೀರು, ಸೋಸಿದ ಬೇಳೆಕಟ್ಟು, ಖಾರವಿಲ್ಲದ ತಿಳಿಸಾರು, ಎರಡು ವಾರ ತುಂಬುವವರೆಗೆ ಸೋಸಿದ ಮಜ್ಜಿಗೆ, ಹಾಲು, ಪ್ರೋಟೀನ್ ಪುಡಿ, ಮುಂದಿನೆರಡು ವಾರ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು, ಆಮೇಲೆ ಮೆತ್ತಗಿನದು, ಆರರಿಂದ ಎಂಟು ವಾರಕ್ಕೆ ಮಾಮೂಲಿ ಊಟದ ಕಡೆಗೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಕೆಲವು ದಿನ ಹೆಚ್ಚುಕಡಿಮೆ ಇರುತ್ತದೆ, ನಿಮ್ಮ ಚೀಟಿಯನ್ನೇ ಪಾಲಿಸಿ. ಸ್ಟ್ರಾ ಬೇಡ, ಸೋಡಾ ಬೇಡ.

ಮೊದಲ ಹತ್ತು ದಿನ ಕಣ್ಣಿಡಬೇಕಾದ್ದು ಪಿನ್ ಹೊಡೆದ ಗೆರೆಯಿಂದ ಆಗುವ ಲೀಕ್ ಮೇಲೆ. ಎಲ್ಲರೂ ಹೊಟ್ಟೆನೋವಿಗೆ ಕಾಯುತ್ತಾರೆ. ಮೊದಲು ಸುಳಿವು ಕೊಡುವುದು ಹೆಚ್ಚಾಗಿ ನಾಡಿ. ಸುಮ್ಮನೆ ಮಲಗಿದ್ದಾಗಲೂ ನಿಮಿಷಕ್ಕೆ 120ರ ಆಸುಪಾಸು ಹೊಡೆಯುತ್ತಿದ್ದರೆ, ಇಲ್ಲವೇ ಜ್ವರ, ಎಡಭುಜದಲ್ಲಿ ನೋವು, ಏನೋ ಆಗಿಬಿಡುತ್ತದೆಂಬ ಕಳವಳ ಇದ್ದರೆ ಬೆಳಗಾಗುವುದನ್ನು ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ. ಇದನ್ನು ಜೊತೆಗಾರರ ಗುಂಪಿನಲ್ಲಿ ಕೇಳುತ್ತ ಕೂರಬಾರದು. 'ನನಗೂ ಹಾಗೇ ಆಗಿತ್ತು, ಗ್ಯಾಸು ಅಷ್ಟೇ' ಎನ್ನುವ ಸಮಾಧಾನದ ಮಾತು ಇಲ್ಲಿ ಪ್ರಾಣಕ್ಕೇ ಬರಬಹುದು.

ಇನ್ನೊಂದು ಅಪಾಯ ಇದಕ್ಕಿಂತ ಸದ್ದಿಲ್ಲದ್ದು, ಸಣ್ಣ ಊರುಗಳಲ್ಲಿ ಹೆಚ್ಚು ಗೊತ್ತಿಲ್ಲದ್ದು. ಎರಡನೆಯ ಮೂರನೆಯ ತಿಂಗಳಲ್ಲಿ ಯಾವುದೋ ಕಾರಣಕ್ಕೆ ವಾಂತಿ ಹಿಡಿದುಕೊಂಡು ವಾರಗಟ್ಟಲೆ ಏನೂ ನಿಲ್ಲುವುದಿಲ್ಲ. ಮನೆಯವರು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದು 'ಸುಸ್ತು, ಒಂದು ಬಾಟಲ್ ಗ್ಲೂಕೋಸ್ ಹಾಕಿ' ಎನ್ನುತ್ತಾರೆ. ಥಯಾಮಿನ್, ಅಂದರೆ ಬಿ1 ವಿಟಮಿನ್, ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟೇ ಸಂಗ್ರಹವಿರುತ್ತದೆ. ಗ್ಲೂಕೋಸನ್ನು ಉರಿಸಲು ಅದೇ ಬೇಕು. ಬರಿದಾದ ದೇಹಕ್ಕೆ ಗ್ಲೂಕೋಸ್ ಸುರಿದರೆ ಉಳಿದ ಚೂರೂ ಖರ್ಚಾಗಿ ಮಿದುಳಿಗೆ ಏಟು ಬೀಳುತ್ತದೆ: ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗಲಿಬಿಲಿ, ಪಾದ ಜೋಮು. ತಡವಾದರೆ ಮರೆವು ಕಾಯಂ ಆಗಿ ಉಳಿಯಬಹುದು. ಆದ್ದರಿಂದ ಗ್ಲೂಕೋಸಿಗೆ ಮೊದಲು ಥಯಾಮಿನ್ ಇಂಜೆಕ್ಷನ್. ಒಂದು ಚೀಟಿಯಲ್ಲಿ ಯಾವ ಆಪರೇಷನ್, ಯಾವ ತಾರೀಖು, 'ವಾಂತಿ ಇದ್ದರೆ ಮೊದಲು ಥಯಾಮಿನ್ ಕೊಡಿ' ಎಂದು ನಿಮ್ಮ ಡಾಕ್ಟರಿಂದಲೇ ಬರೆಸಿ, ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿಡಿ. ಜೊತೆಗಾರರು ಒಬ್ಬರಿಗೊಬ್ಬರು ಮಾಡಬಹುದಾದ ದೊಡ್ಡ ಉಪಕಾರ ಈ ಚೀಟಿ ಇದೆಯೇ ಎಂದು ಕೇಳುವುದು.

ಪ್ರೋಟೀನ್ ವಿಷಯದಲ್ಲಿ ರಾಗಿ ಅಂಬಲಿಯ ಮೇಲಿನ ನಮ್ಮ ಪ್ರೀತಿ ಕೈಕೊಡುತ್ತದೆ. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೋಟೀನ್ ಬೇಕು. ಎರಡು ಚಮಚ, ಅಂದರೆ 20 ಗ್ರಾಂ ರಾಗಿಹಿಟ್ಟಿನ ಅಂಬಲಿಯಲ್ಲಿ ಇರುವುದು ಒಂದೂವರೆ ಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಅದು ಬೇರೆ ಮಾತು. ಎರಡನೆಯ ತಿಂಗಳ ಒಂದು ದಿನ ಹೀಗಿರಬಹುದು: ವೇ ಪ್ರೋಟೀನ್ ಪುಡಿ ಒಂದು ಅಳತೆ 24 ಗ್ರಾಂ, ಎರಡು ಮೊಟ್ಟೆ 12, ಐವತ್ತು ಗ್ರಾಂ ಪನೀರ್ 9, ಇನ್ನೂರು ಮಿಲಿಲೀಟರ್ ಹಾಲು 6, ಅಷ್ಟೇ ಮೊಸರು 6, ಗಟ್ಟಿ ಬೇಳೆ ಸಣ್ಣ ಬಟ್ಟಲು 6. ಕೂಡಿದರೆ 63. ಮೊಟ್ಟೆ ತಿನ್ನದವರು 25 ಗ್ರಾಂ ಸೋಯಾ ಚಂಕ್ಸ್ ನೆನೆಸಿ ನುಣ್ಣಗೆ ಮಾಡಿಕೊಂಡರೆ 13 ಗ್ರಾಂ ಬಂತು. ತಟ್ಟೆಯಲ್ಲಿ ಮೊದಲು ಇದು, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ.

ಮೂರನೆಯ ತಿಂಗಳ ಹೊತ್ತಿಗೆ ಬಾಚಣಿಗೆ ತುಂಬ ಕೂದಲು ಬರತೊಡಗುತ್ತದೆ. ಅದಕ್ಕೂ ಮೊದಲು, ಮೂರು ವಾರದ ಸುಮಾರಿಗೆ ತೂಕದ ಮುಳ್ಳು ನಿಂತಲ್ಲೇ ನಿಲ್ಲುತ್ತದೆ. 'ಅಕ್ಕಾ, ಏನೂ ತಿಂತಿಲ್ಲ, ಆದ್ರೂ ಹತ್ತು ದಿನದಿಂದ ಒಂದು ಗ್ರಾಮೂ ಇಳಿದಿಲ್ಲ' ಎಂಬ ಮಾತಿಗೆ 'ನಂಗೂ ನಿಂತಿತ್ತು ಕಣಮ್ಮ, ತಕ್ಕಡಿ ಅಟ್ಟದ ಮೇಲಿಡು, ಲಂಗದ ಲಾಡಿ ನೋಡು' ಎಂಬ ಉತ್ತರದ ಮುಂದೆ ಆಸ್ಪತ್ರೆಯ ಯಾವ ಚಾರ್ಟೂ ನಿಲ್ಲುವುದಿಲ್ಲ. ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ, ಪ್ರೋಟೀನ್, ಕಬ್ಬಿಣದಂಶ ಸರಿಯಾಗಿದ್ದರೆ. ಆದರೆ ಊಟವಾದ ಮೇಲೆ ಬಲಪಕ್ಕೆಯಲ್ಲಿ ನೋವು ಬಂದರೆ ಡಾಕ್ಟರ ಹತ್ತಿರ ಹೋಗಿ. ತೂಕ ವೇಗವಾಗಿ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು. ಅದಕ್ಕೇ ಹಲವರಿಗೆ ಆರು ತಿಂಗಳು ಮಾತ್ರೆ ಬರೆಯುತ್ತಾರೆ.

ಮಾತ್ರೆಗಳ ವಿಚಾರದಲ್ಲಿ ಒಬ್ಬರ ಡೋಸ್ ಇನ್ನೊಬ್ಬರಿಗೆ ಬೇಡ. ಎಲ್ಲರಿಗೂ ಅನ್ವಯಿಸುವುದು ಇಷ್ಟು: ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಯನ್ನು ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಬಿಡಿ, ಕಬ್ಬಿಣದ ಮಾತ್ರೆಯ ಹಿಂದೆ ಕಾಫಿ ಟೀ ಬೇಡ. ಬೈಪಾಸ್ ಆದವರು ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬಾರದು, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಮದ್ಯ ಬೈಪಾಸ್ ಮತ್ತು ಸ್ಲೀವ್ ಎರಡರಲ್ಲೂ ಬೇಗ ರಕ್ತಕ್ಕೇರುತ್ತದೆ. ಊಟದ ಚಟ ಬಿಟ್ಟ ಜಾಗಕ್ಕೆ ಕುಡಿತ ಬಂದು ಕೂರುವುದನ್ನು ಮೊದಲು ಗಮನಿಸುವುದೂ ಜೊತೆಗಾರರೇ.

ಹೆಣ್ಣುಮಕ್ಕಳಿಗೆ ಒಂದು ಮಾತು. ತೂಕ ಇಳಿದಂತೆ ನಿಂತಿದ್ದ ಮುಟ್ಟು ಸರಿಹೋಗಿ, ವರ್ಷಗಟ್ಟಲೆ ಆಗದ ಗರ್ಭ ನಾಲ್ಕನೆಯ ತಿಂಗಳಲ್ಲೇ ನಿಲ್ಲಬಹುದು. 12ರಿಂದ 18 ತಿಂಗಳು ಬಸಿರು ಬೇಡ. ಬೈಪಾಸ್ ಆದವರು ಗರ್ಭನಿರೋಧಕ ಗುಳಿಗೆಯನ್ನೇ ನಂಬಬಾರದು, ಅದು ಸರಿಯಾಗಿ ಹೀರಿಕೆಯಾಗದಿರಬಹುದು.

ಇನ್ನು ಯುಗಾದಿಯ ಹೋಳಿಗೆ. ಬೈಪಾಸ್ ಆದವರು ಒಂದಿಡೀ ಹೋಳಿಗೆ ತುಪ್ಪ ಹಾಕಿ ತಿಂದರೆ ಹತ್ತರಿಂದ ಮೂವತ್ತು ನಿಮಿಷದೊಳಗೆ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ಶುಗರ್ ಕುಸಿದು ತಲೆ ಸುತ್ತುತ್ತದೆ. ತಿನ್ನಲೇಬೇಕೆಂದರೆ ಕೋಸಂಬರಿ, ಮೊಸರು ಮುಗಿಸಿ, ಕೊನೆಗೆ ಎರಡು ಬೆರಳಗಲದ ಒಂದು ತುಂಡು. ಎಲೆಯ ಮೇಲೆ ಇನ್ನೊಂದು ಬಡಿಸಲು ಬಗ್ಗುವ ಚಿಕ್ಕಮ್ಮನಿಗೆ ಅಡ್ಡಗೈ ಹಿಡಿಯಲು ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ.