ಪಕ್ಕದ ಮನೆಯಲ್ಲಿ ಸಿಕ್ಸರ್, ನಮ್ಮ ಟಿವಿಯಲ್ಲಿ ಇನ್ನೂ ರನ್‌ಅಪ್

ಚಿನ್ನಸ್ವಾಮಿ ಕ್ರೀಡಾಂಗಣದ ಕೂಗು ಒಂದು ಕಿಲೋಮೀಟರ್ ದೂರದ ಮನೆಗೆ ತಲುಪಲು ಸುಮಾರು 3 ಸೆಕೆಂಡ್ ಸಾಕು. ಅದೇ ಮನೆಯ ಟಿವಿಯಲ್ಲಿ ಆ್ಯಪ್ ಹಾಕಿ ನೋಡುತ್ತಿದ್ದರೆ ಆ ಸಿಕ್ಸರ್ ಕಾಣಲು ಅರ್ಧ ನಿಮಿಷವೇ ಹಿಡಿಯಬಹುದು. ಇಂಟರ್ನೆಟ್ ಸ್ಲೋ ಎಂದು ಬೈದು 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸುವವರಿದ್ದಾರೆ. ದಯವಿಟ್ಟು ಆ ಹಣ ಉಳಿಸಿಕೊಳ್ಳಿ. ಫುಲ್ ಎಚ್‌ಡಿ ಪಂದ್ಯಕ್ಕೆ 8 ಎಂಬಿಪಿಎಸ್, 4ಕೆಗೆ 25 ಇದ್ದರೆ ಧಾರಾಳ.

ಉಪಗ್ರಹದ ದೂರವೂ ಕಾರಣವಲ್ಲ. ಟಿವಿ ಉಪಗ್ರಹಗಳು ಸುತ್ತುವ ಭೂಸ್ಥಿರ ಕಕ್ಷೆ ಇರುವುದು 35,786 ಕಿ.ಮೀ. ಎತ್ತರದಲ್ಲಿ, ಸಂಕೇತ ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡ್. (ಇನ್ಸಾಟ್ ಉಪಗ್ರಹಗಳನ್ನು ಅಷ್ಟು ಎತ್ತರದಲ್ಲಿ ಹದ್ದುಬಸ್ತಿನಲ್ಲಿಡುವ ಕೇಂದ್ರ 1982ರಿಂದ ನಮ್ಮ ಹಾಸನದಲ್ಲೇ ಇದೆ. ಈ ಹೆಮ್ಮೆಯ ಸಂಗತಿ ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ.)

ತಡ ಹುಟ್ಟುವುದು ವಿಡಿಯೊವನ್ನು ತುಂಡರಿಸುವಲ್ಲಿ. ಆ್ಯಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಎಂಬ ವಿಧಾನದಲ್ಲಿ ಪಂದ್ಯವನ್ನು ಪುಟ್ಟ ಪುಟ್ಟ ಫೈಲುಗಳಾಗಿ ಕತ್ತರಿಸುತ್ತಾರೆ. ಒಂದು ತುಣುಕು 6 ಸೆಕೆಂಡಿನದ್ದಾದರೆ, ಆ 6 ಸೆಕೆಂಡಿನ ಆಟ ಮುಗಿಯುವ ತನಕ ಫೈಲು ಸಿದ್ಧವಾಗದು. ಟಿವಿಯ ಪ್ಲೇಯರ್ ಸಾಮಾನ್ಯವಾಗಿ ಅಂಥ ಮೂರು ತುಣುಕುಗಳಷ್ಟು ಹಿಂದಿನಿಂದ ಶುರು ಮಾಡುತ್ತದೆ: ಅಲ್ಲಿಗೇ 18 ಸೆಕೆಂಡ್. ಎನ್‌ಕೋಡಿಂಗ್ (ವಿಡಿಯೊವನ್ನು ಕುಗ್ಗಿಸುವ ಕೆಲಸ) ಮತ್ತು ಸರ್ವರ್‌ಗಳ ಪಾಲು ಬೇರೆ.

ಇದು ಬೇಕೆಂದೇ ಮಾಡಿದ ಏರ್ಪಾಡು, ಮತ್ತು ಬಲು ಜಾಣ ಏರ್ಪಾಡು. ತುಣುಕು ಎಂದರೆ ಒಂದು ಮಾಮೂಲಿ ಫೈಲು. ವೆಬ್ ಪುಟದ ಹಾಗೆ ಊರೂರಿನ ಸರ್ವರ್‌ಗಳಲ್ಲಿ ನಕಲು ಇಟ್ಟು ಲಕ್ಷಾಂತರ ಜನರಿಗೆ ಒಟ್ಟಿಗೆ ಹಂಚಬಹುದು. ವೈಫೈ ಕುಗ್ಗಿದರೆ ಮುಂದಿನ ತುಣುಕನ್ನು ಕಡಿಮೆ ಗುಣಮಟ್ಟದಲ್ಲಿ ತರಿಸಿಕೊಳ್ಳಬಹುದು. ಕೂಡಿಟ್ಟ ತುಣುಕುಗಳು ಮನೆಯ ಓವರ್‌ಹೆಡ್ ಟ್ಯಾಂಕಿನಂತೆ: ಕಾವೇರಿ ನೀರು ಅರ್ಧ ಗಂಟೆ ನಿಂತರೂ ನಲ್ಲಿ ನಿಲ್ಲುವುದಿಲ್ಲ. 2019ರಲ್ಲಿ ಬಂದ ಕಡಿಮೆ ತಡದ ಎಚ್‌ಎಲ್‌ಎಸ್, ತುಣುಕನ್ನೇ ಚೂರು ಮಾಡಿ ಕಳಿಸಿ ತಡವನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಬಲ್ಲದು. ಆದರೆ ಆಗ ಟ್ಯಾಂಕೂ ಚಿಕ್ಕದಾಗುತ್ತದೆ. ವೈಫೈ ಸ್ವಲ್ಪ ತಡವರಿಸಿದರೂ ಚಿತ್ರ ನಿಲ್ಲುತ್ತದೆ.

ಮನೆಯಲ್ಲಿ ತಡ ಬೆಳೆಯುವುದು ಹೀಗೆ: ಚಿತ್ರ 5 ಸೆಕೆಂಡ್ ಸುತ್ತುತ್ತಾ ನಿಂತರೆ ಎಷ್ಟೋ ಪ್ಲೇಯರ್‌ಗಳು ನಿಂತಲ್ಲಿಂದಲೇ ಮುಂದುವರಿಯುತ್ತವೆ. ಆ 5 ಸೆಕೆಂಡ್ ತಡಕ್ಕೆ ಸೇರಿತು. ನಾಲ್ಕು ಸಲ ನಿಂತರೆ 20. ಪಾಜ್ ಒತ್ತಿ ಕಾಫಿ ತರಲು ಹೋದದ್ದೂ ಇದೇ ಲೆಕ್ಕಕ್ಕೆ. 'ಲೈವ್' ಗುಂಡಿ ಒತ್ತಿ; ಅದಿಲ್ಲದಿದ್ದರೆ ಆ್ಯಪ್ ಪೂರ್ತಿ ಮುಚ್ಚಿ ತೆರೆಯಿರಿ.

ಚಿತ್ರ ನಿಲ್ಲದಂತೆ ಮಾಡುವುದು ಅದಕ್ಕಿಂತ ಮುಖ್ಯ. 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ನಲವತ್ತು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಅಷ್ಟೂ ರೌಟರ್‌ಗಳು ಅವಕ್ಕೇ ಕಿತ್ತಾಡುತ್ತವೆ. ರೌಟರ್ ಅದೇ ಕೋಣೆಯಲ್ಲಿದ್ದರೆ ಟಿವಿಯನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ನಡುವೆ ಎರಡು ಕಾಂಕ್ರೀಟ್ ಗೋಡೆ ಇದ್ದರೆ ಅದೂ ಸೊರಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ರೌಟರ್‌ನಿಂದ ಟಿವಿಗೆ ನೇರ ಎಳೆಯುವ ನೆಟ್‌ವರ್ಕ್ ತಂತಿ, ಕ್ಯಾಟ್ 6 ಕೇಬಲ್. ಅದನ್ನು ಸಿಕ್ಕಿಸುವ ಲ್ಯಾನ್ ಪೋರ್ಟ್ ಬಹಳಷ್ಟು ಟಿವಿಗಳಲ್ಲಿ 100 ಎಂಬಿಪಿಎಸ್‌ನದು, ಅಷ್ಟು ಸಾಕು.

ಇಷ್ಟಾದರೂ ಪಕ್ಕದ ಮನೆಯ ಡಿಶ್ ಮುಂದೆಯೇ ಇರುತ್ತದೆ, ಅದು ತುಣುಕು ಕೂಡಿಡುವುದಿಲ್ಲ. ಫೋನಿನ ಸ್ಕೋರ್ ನೋಟಿಫಿಕೇಶನ್ ಅನ್ನಂತೂ ಆಫ್ ಮಾಡಿಡಿ: ನಾಲ್ಕು ಅಕ್ಷರದ ಆ ಸಂದೇಶಕ್ಕೆ ಯಾವ ತುಣುಕಿಗೂ ಕಾಯಬೇಕಾಗಿಲ್ಲ.