ಕಲ್ಲಿನೊಳಗೆ ಮೊದಲು ಬಂದವರು ಯಾರು?

ಭೂವಿಜ್ಞಾನ ಕಲಿಯಲು ಹೊಸದಾಗಿ ಬಂದವರ ಕೈಗೆ ನಾನು ಮೊದಲು ಕೊಡುವುದು ಒಂದು ಗ್ರಾನೈಟ್ ಚೂರು ಮತ್ತು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್. ಹೆಸರು ಬೇಡ, ಕಂಡಿದ್ದನ್ನಷ್ಟೇ ಹೇಳಿ ಎನ್ನುತ್ತೇನೆ.

ಚೂರನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿ. ಕೆಲವು ಕಣಗಳು ಒಂದು ಕೋನದಲ್ಲಿ ಫಳಕ್ಕನೆ ಹೊಳೆದು ಮತ್ತೆ ಮಂಕಾಗುತ್ತವೆ. ಅದು ಫೆಲ್ಡ್‌ಸ್ಪಾರ್. ಒಡೆದಾಗ ಅದು ಸಪಾಟಾಗಿ ಸೀಳುತ್ತದೆ, ಅದಕ್ಕೇ ಆ ಹೊಳಪು. ಪಕ್ಕದಲ್ಲೇ ಒಡೆದ ಗಾಜಿನಂಥ ಬೂದು ಕಣ ಇರುತ್ತದೆ. ಅದು ಎಷ್ಟು ತಿರುಗಿಸಿದರೂ ಹಾಗೆ ಮಿಂಚುವುದಿಲ್ಲ. ಅದು ಬೆಣಚು, ಅಂದರೆ ಕ್ವಾರ್ಟ್ಜ್. ಸೂಜಿಯ ಮೊನೆಯಿಂದ ಪದರ ಪದರವಾಗಿ ಏಳುವ ಕಪ್ಪು ಚೂರು ಕಾಗೆಬಂಗಾರ.

ಈಗ ಆಕಾರ ನೋಡಿ. ಫೆಲ್ಡ್‌ಸ್ಪಾರ್‌ಗೆ ಸಾಮಾನ್ಯವಾಗಿ ನೇರ ಅಂಚುಗಳಿರುತ್ತವೆ. ಬೆಣಚಿಗೆ ತನ್ನದೇ ಆಕಾರವೇ ಇಲ್ಲ. ಬಂಡೆಯ ಟೊಳ್ಳುಗಳಲ್ಲಿ ಆರು ಮೂಲೆಯ ಚೂಪು ಹರಳಾಗಿ ಬೆಳೆಯುವುದೂ ಇದೇ ಖನಿಜ ಅಲ್ವಾ? ಇಲ್ಲೇಕೆ ಹೀಗೆ? ಏಕೆಂದರೆ ಶಿಲಾಪಾಕ, ಅಂದರೆ ನೆಲದಾಳದ ಕರಗಿದ ಕಲ್ಲು, ಆರುವಾಗ ಇದು ಹರಳಾಗಿದ್ದು ಕೊನೆಗೆ. ಅಷ್ಟರಲ್ಲಿ ಉಳಿದವರು ಜಾಗ ಹಿಡಿದಿದ್ದರು, ಇದು ಸಂದುಗಳನ್ನು ತುಂಬಿಕೊಂಡಿತು.

ಈ ಸರದಿಯನ್ನು ಪ್ರಯೋಗಾಲಯದಲ್ಲಿ ಕಾಯಿಸಿ, ಕರಗಿಸಿ, ಥಟ್ಟನೆ ತಣಿಸಿ ನೋಡಿದವರು ಭೂವಿಜ್ಞಾನಿ ನಾರ್ಮನ್ ಬೋವೆನ್. 1922ರಲ್ಲಿ ಅದನ್ನು ಪ್ರಕಟಿಸಿದರು. ಕಪ್ಪು ಲಾವಾಕಲ್ಲಾದ ಬಸಾಲ್ಟ್‌ನಂಥ ಪಾಕದಲ್ಲಿ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆಲಿವಿನ್ ಎಂಬ ಹಸಿರು ಖನಿಜ ಮೊದಲೇ ಹರಳಾಗುತ್ತದೆ. ಅದರಲ್ಲಿ ಸಿಲಿಕಾ (ಬೆಣಚಿನಲ್ಲಿರುವ ವಸ್ತು) ಕಡಿಮೆ. ಅದು ತಳಕ್ಕೆ ಕೂತು ದೂರವಾದರೆ ಉಳಿದ ಪಾಕದಲ್ಲಿ ಸಿಲಿಕಾ ಜಾಸ್ತಿಯಾಗುತ್ತದೆ. ಯಾವ ಖನಿಜದ ನಂತರ ಯಾವುದು ಎಂಬ ಈ ಸರದಿಯ ಪಟ್ಟಿಯನ್ನು ವಿದ್ಯಾರ್ಥಿಗಳು ಸುಮ್ನೆ ಬಾಯಿಪಾಠ ಮಾಡುವುದು ನನಗೆ ಬೇಸರ ತರುತ್ತದೆ. ಪಾಕದ ರಾಸಾಯನಿಕ ಗುಣ, ಒತ್ತಡ, ಅದರಲ್ಲಿ ಕರಗಿದ ನೀರು ಬದಲಾದರೆ ಸರದಿಯೂ ಬದಲಾಗುತ್ತದೆ. ದೊಡ್ಡ ಹರಳೆಲ್ಲ ಮೊದಲು ಬಂದದ್ದೂ ಅಲ್ಲ. ಗ್ರಾನೈಟ್‌ನ ಬೆರಳುದ್ದದ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಎಷ್ಟೋ ಸಲ ತಡವಾಗಿ ಹುಟ್ಟಿ ಬೇಗ ಬೇಗ ಬೆಳೆದದ್ದು.

ಕಣದ ಗಾತ್ರಕ್ಕೆ ಮುಖ್ಯ ಕಾರಣ ತಣಿಯುವ ವೇಗ. ಒಂದೇ ಪಾಕ ನೆಲದ ಮೇಲೆ ಹರಿದು ಬೇಗ ಆರಿದರೆ ಸಣ್ಣ ಕಣದ ಬಸಾಲ್ಟ್, ಆಳದಲ್ಲಿ ನಿಧಾನ ಆರಿದರೆ ದಪ್ಪ ಹರಳಿನ ಗ್ಯಾಬ್ರೊ. ಸ್ಕಾಟ್ಲೆಂಡಿನ ಭೂವಿಜ್ಞಾನಿ ಜೇಮ್ಸ್ ಹಾಲ್ 1798ರಲ್ಲೇ ಬಸಾಲ್ಟ್ ಜಾತಿಯ ಕಲ್ಲನ್ನು ಕುಲುಮೆಯಲ್ಲಿ ಕರಗಿಸಿ ತೋರಿಸಿದ್ದರು. ಬೇಗ ತಣಿಸಿದರೆ ಗಾಜಾಯಿತು, ನಿಧಾನ ತಣಿಸಿದರೆ ಮತ್ತೆ ಹರಳುಗೂಡಿದ ಕಲ್ಲಾಯಿತು.

ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವುದು ಸೂಕ್ಷ್ಮದರ್ಶಕದ ಕೆಳಗಿನ ಪ್ಲಾಜಿಯೊಕ್ಲೇಸ್, ಫೆಲ್ಡ್‌ಸ್ಪಾರ್‌ನ ಒಂದು ಬಗೆ. ಕಲ್ಲನ್ನು 0.03 ಮಿಲಿಮೀಟರ್‌ಗೆ ಉಜ್ಜಿ ತೆಳ್ಳಗೆ ಮಾಡಿದರೆ ಬೆಳಕು ತೂರಿ ಬರುತ್ತದೆ. ಹರಳಿನೊಳಗೆ ಮರದ ಕಾಂಡದೊಳಗಿನ ಬಳೆಗಳಂತೆ ಸುತ್ತುಗಳು. ನಡುವಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ಅಂಚಿಗೆ ಹೋದಂತೆ ಸೋಡಿಯಂ ಹೆಚ್ಚು. ಕ್ಯಾಲ್ಸಿಯಂ ಹೆಚ್ಚಿರುವುದು ಪಾಕ ಹೆಚ್ಚು ಬಿಸಿಯಿದ್ದಾಗ ಹರಳಾಗುತ್ತದೆ. ಒಮ್ಮೊಮ್ಮೆ ಒಂದು ಸುತ್ತು ಕರಗಿ ಅಂಕುಡೊಂಕಾಗಿ, ಅದರ ಮೇಲೆ ಮತ್ತೆ ಕ್ಯಾಲ್ಸಿಯಂ ಹೆಚ್ಚಿರುವ ಪದರ ಬೆಳೆದಿರುತ್ತದೆ. ಅದನ್ನು ಕಂಡಾಗ ನಾನು ಮೊದಲು ಹುಡುಕುವುದು ಒಂದನ್ನೇ: ಅರ್ಧ ಆರಿದ ಆ ಪಾಕದೊಳಗೆ ಕೆಳಗಿನಿಂದ ಬಿಸಿ ಪಾಕ ಮತ್ತೆ ನುಗ್ಗಿತ್ತೇ ಎಂದು.